ಡ್ರೈವ್-ಇನ್ ಯಾಕೆ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ಮುಚ್ಚಿಹೋದ ಹಳೇ ಹೋಟೆಲುಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಎಲ್ಲವೂ ಬೆಂಗಳೂರು, ಮೈಸೂರಿನವೇ. ನಮ್ಮವರು ಹೊರಗೆ ಹೋಗಿ ಕಟ್ಟಿದ್ದು ಲೆಕ್ಕಕ್ಕಿಲ್ವಾ? ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ (ಕಾರಿನಲ್ಲೇ ಕೂತು ತಿನ್ನಬಹುದಾಗಿದ್ದ ಹೋಟೆಲ್) ಹೆಸರಿಲ್ಲದ ಪಟ್ಟಿಯನ್ನು ನಾನಂತೂ ಒಪ್ಪುವುದಿಲ್ಲ.

ಅದನ್ನು ಕಟ್ಟಿದವರು ಕೆ. ಕೃಷ್ಣರಾಯರು, ದಕ್ಷಿಣ ಕನ್ನಡದ ಕಡಂದಲೆಯವರು. ಎಳೆ ವಯಸ್ಸಿನಲ್ಲಿ ಹಿಟ್ಟು ರುಬ್ಬಿ, ಪಾತ್ರೆ ತೊಳೆದು ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡು ರಾಜರಿಗೆ ಸೇರಿದ ದೊಡ್ಡ ಬಂಗಲೆಯನ್ನು ಬಾಡಿಗೆಗೆ ಹಿಡಿದು ಹೋಟೆಲ್ ಶುರು ಮಾಡಿದರು. ವುಡ್‌ಲ್ಯಾಂಡ್ಸ್ ಅನ್ನೋದು ಆ ಬಂಗಲೆಯ ಹೆಸರು, ಅದನ್ನೇ ಇಟ್ಟುಕೊಂಡರು. ಆಮೇಲೆ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಜೆಮಿನಿ ಸಿನಿಮಾ ಸ್ಟುಡಿಯೋ ಹತ್ತಿರ, ಕೆಥೆಡ್ರಲ್ ರೋಡಿನ ಮರಗಳ ನಡುವೆ ಡ್ರೈವ್-ಇನ್ ತೆರೆದರು.

ದೊಡ್ಡ ಹೋಟೆಲಿನ ಊಟ ಅಂದರೆ ಏಸಿ, ಬಿಳಿ ಮೇಜುಬಟ್ಟೆ, ಮೆಲ್ಲಗೆ ಮಾತಾಡುವ ಜನ ಅಂತ ನಾವು ಅಂದುಕೊಂಡಿದ್ದೇವೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಮರದ ಕೆಳಗೆ ಕಾರು ನಿಲ್ಲಿಸಿದರೆ ಸಪ್ಲಾಯರ್ ಬಂದು ಕಿಟಕಿಗೆ ಟ್ರೇ ಸಿಕ್ಕಿಸುತ್ತಿದ್ದರು, ಮಸಾಲೆ ದೋಸೆ ಬರುವಷ್ಟರಲ್ಲಿ ಬಾನೆಟ್ ಮೇಲೆ ನಾಲ್ಕು ಎಲೆ ಉದುರಿರುತ್ತಿತ್ತು, ಹಿಂದಿನ ಸೀಟಿನಲ್ಲಿ ಕೂತ ನಮಗೆ ಸಾಂಬಾರು ಬಟ್ಟೆ ಮೇಲೆ ಚೆಲ್ಲದ ಹಾಗೆ ತಿನ್ನೋದೇ ದೊಡ್ಡ ಸಾಹಸ. ಕಾರಿಲ್ಲದವರು ಒಳಗೆ ಕೂರುತ್ತಿದ್ದರು. ಸಿನಿಮಾದವರು, ವಕೀಲರು, ಮೆಡಿಕಲ್ ರೆಪ್‌ಗಳು, ಕಾಲೇಜು ಹುಡುಗರು, ಒಂದೇ ಕಾಫಿ ಹಿಡ್ಕೊಂಡು ಗಂಟೆಗಟ್ಟಲೆ ಹರಟುವವರು. ಎದ್ದೇಳಿ ಅಂತ ಯಾರನ್ನೂ ಏಳಿಸಿದ್ದು ನಾನು ನೋಡಿಲ್ಲ. ನನ್ನ ಪ್ರಕಾರ ಮರ್ಯಾದೆಯ ಹೋಟೆಲ್ ಅಂದರೆ ಅದು.

ಮುಚ್ಚಿದ್ದು ವ್ಯಾಪಾರ ಬಿದ್ದು ಅಲ್ಲ. ಜಾಗ ಗುತ್ತಿಗೆಯದು. ಕೋರ್ಟು ಕಚೇರಿ ಎಲ್ಲ ಆಗಿ 2008ರಲ್ಲಿ ಸರ್ಕಾರದ ಕೈಗೆ ಹೋಯಿತು. 2010ರಲ್ಲಿ ಅಲ್ಲೇ ಸೆಮ್ಮೊಳಿ ಪೂಂಗಾ ಅನ್ನುವ ಉದ್ಯಾನ ತೆರೆಯಿತು. ಸರ್ಕಾರಿ ಜಾಗ ಸರ್ಕಾರ ತಗೊಂಡಿದ್ದನ್ನು ತಪ್ಪು ಅನ್ನಲಾರೆ. ಮಾಲ್ ಎಬ್ಬಿಸದೆ ಹಸಿರಾಗೇ ಉಳಿಸಿದ್ದು ಪುಣ್ಯ. ಆದರೂ ಉದ್ಯಾನದ ಒಂದು ಮೂಲೆಯಲ್ಲಿ ಆ ಅಡುಗೆಮನೆಯನ್ನು ನಡೆಯಲು ಬಿಟ್ಟಿದ್ದರೆ ಯಾರಿಗೂ ನಷ್ಟ ಆಗುತ್ತಿರಲಿಲ್ಲ, ಅಲ್ವಾ?

ನಮ್ಮ ಕಡೆಯ ತಪ್ಪು ಬೇರೆ. ಅಂಥ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದ ಅಡುಗೆಯವರು, ಸಪ್ಲಾಯರ್‌ಗಳು ಉಡುಪಿ, ಕಾರ್ಕಳ, ಮೂಡುಬಿದಿರೆ ಸುತ್ತ ಇನ್ನೂ ಸಿಗುತ್ತಾರೆ. ವಯಸ್ಸಾಗಿದೆ. ಹಳೇ ಫೋಟೋ, ಮೆನು ಕಾರ್ಡು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಹೋಟೆಲ್ ಮಾಲೀಕರ ಕಥೆ ಹೇಗೂ ಯಾರಾದರೂ ಬರೆಯುತ್ತಾರೆ, ಹಿಟ್ಟು ರುಬ್ಬಿದವರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಮಂಗಳೂರು, ಉಡುಪಿ ವರದಿಗಾರರನ್ನು ಒಮ್ಮೆ ಅವರ ಮನೆಗೆ ಕಳಿಸಿ. ಮುಂದಿನ ಕಂತಿನಲ್ಲಿ ಮದ್ರಾಸಿಗೆ, ಮುಂಬೈಗೆ ಒಂದೊಂದು ಪುಟ ಕೊಡಿ.

ಇತಿ,
ನಿಮ್ಮ ಹಳೇ ಓದುಗ, ಉಡುಪಿ