ಬೂಷ್ಟಿಗೆ ಬಣ್ಣ ಬಳಿದರೆ ಉಬ್ಬಸ ನಿಲ್ಲದು

ಮಾನ್ಯರೇ,

ಮಳೆ ಹಿಡಿದು ಮೂರ್ನಾಲ್ಕು ವಾರವಾಯಿತೆಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೀರುವಿನ ಹಿಂದಿನ ಗೋಡೆ, ಚರ್ಮದ ಬೆಲ್ಟು, ಮಡಚಿಟ್ಟ ಕಂಬಳಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅದೇ ಹೊತ್ತಿಗೆ ಅಸ್ತಮಾ ಇರುವವರ ರಾತ್ರಿ ಕೆಮ್ಮೂ ಏರುತ್ತದೆ. 'ಥಂಡಿ ಹವೆ, ಇನ್ನೇನು' ಎಂದು ಸುಮ್ಮನಾಗುವವರೇ ಹೆಚ್ಚು. ಥಂಡಿಯ ಪಾಲು ಇಲ್ಲವೆಂದಲ್ಲ. ಆದರೆ ನಾಲ್ಕು ದಿನ ಬೇರೆ ಊರಲ್ಲಿದ್ದಾಗ ಸಲೀಸಾಗಿದ್ದ ಉಸಿರು ಮನೆಗೆ ಬಂದ ರಾತ್ರಿಯೇ ಕಟ್ಟಿಕೊಂಡರೆ, ಹವೆಗಿಂತ ಮೊದಲು ಗೋಡೆಯ ಮೇಲೆ ಅನುಮಾನಪಡಬೇಕು. ಬೂಷ್ಟು ಗಾಳಿಗೆ ಬಿಡುವ ಬೀಜಕಣಗಳು ಕಣ್ಣಿಗೆ ಕಾಣುವುದಿಲ್ಲ. ಅಲರ್ಜಿ ಇರುವವರ ಶ್ವಾಸನಾಳ ಅವುಗಳಿಂದ ಊದಿಕೊಳ್ಳುತ್ತದೆ.

ಒಣ ಪೊರಕೆಯಲ್ಲಿ ಉಜ್ಜಿ ಮೇಲೆ ಬಣ್ಣ ಬಳಿಯುವುದು ಎಲ್ಲೆಡೆ ಕಾಣುವ ತಪ್ಪು. ಪೊರಕೆ ಕಣಗಳನ್ನು ಕೋಣೆಯಿಡೀ ಹಾರಿಸುತ್ತದೆ. ಪ್ಲಾಸ್ಟಿಕ್ ಪೇಂಟು ಗೋಡೆಯ ತೇವ ಆರಲು ಬಿಡುವುದಿಲ್ಲ; ಮರುವರ್ಷ ಬಣ್ಣ ಹಪ್ಪಳದಂತೆ ಎದ್ದು ಅಡಿಯಲ್ಲಿ ಅದೇ ಕಪ್ಪು ಚುಕ್ಕೆ. ಹಿಂದಿನವರ ಸುಣ್ಣವೇ ಲೇಸು: ಅದರ ಕ್ಷಾರ ಬೂಷ್ಟಿಗೆ ಆಗಿಬರದು, ಗೋಡೆಯೂ ಆರುತ್ತದೆ.

ಅಸ್ತಮಾ ಇರುವವರು ಬೂಷ್ಟು ತೆಗೆಯುವ ಕೆಲಸಕ್ಕೆ ಕೈಹಾಕಬಾರದು, ಆ ಹೊತ್ತು ಪಕ್ಕದ ಮನೆಯಲ್ಲಿರಲಿ. ತೆಗೆಯುವವರು ಎನ್95 ಮಾಸ್ಕ್, ರಬ್ಬರ್ ಕೈಗವಸು ಹಾಕಿ, ಗೋಡೆಯನ್ನು ಮೊದಲು ಒದ್ದೆ ಮಾಡಿ, ಸೋಪಿನಪುಡಿ ಕದಡಿದ ನೀರಲ್ಲಿ ಉಜ್ಜಿ, ಒರೆಸಿ, ಆಮೇಲೆ ಫ್ಯಾನ್ ಹಾಕಬೇಕು. ಬ್ಲೀಚಿಂಗ್ ಪೌಡರ್ ಬೇಡ. ಅದರ ಘಾಟಿಗೇ ಉಬ್ಬಸ ಏಳಬಹುದು. ಕಕ್ಕಸು ತೊಳೆಯುವ ಆಸಿಡ್ ತಾಗಿದರಂತೂ ಕ್ಲೋರಿನ್ ವಿಷಾನಿಲ. ಸತ್ತ ಬೂಷ್ಟೂ ಅಲರ್ಜಿ ತರುವುದರಿಂದ ಕೊಂದರೆ ಸಾಲದು, ತೆಗೆದುಹಾಕಬೇಕು.

ಇಷ್ಟಾದರೂ ನೀರಿನ ದಾರಿ ಮುಚ್ಚದಿದ್ದರೆ ಅದು ಮತ್ತೆ ಬರುತ್ತದೆ. ಒಡೆದ ಹೆಂಚು, ಬಚ್ಚಲಿಗೆ ತಾಗಿದ ಗೋಡೆ, ತಾರಸಿಯ ಬಿರುಕು ನೋಡಿ. ಬೀರು ಗೋಡೆಯಿಂದ ನಾಲ್ಕು ಇಂಚು ಈಚೆ ಬರಲಿ. ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕಿದರೆ ಅಷ್ಟೂ ನೀರು ಸೇರುವುದು ಆ ಕೋಣೆಯ ಗಾಳಿಗೇ. ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಉಪಕರಣ) ತಂದಿಟ್ಟು ತೇವಾಂಶ ಶೇ 50ರ ಆಸುಪಾಸಿಗೆ ಇಳಿಸಲು ನೋಡಿ. ಜುಲೈ ಮಳೆಯಲ್ಲಿ ಕಿಟಕಿ ತೆರೆದು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸುವುದು ಕರೆಂಟಿಗೆ ದಂಡ. ಕೊಟ್ಟಿಗೆಯ ಮುಗ್ಗಿದ ಹುಲ್ಲು, ಕಾವೇರಿದ ಗೊಬ್ಬರಗುಂಡಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ತವರು. ಅದನ್ನು ಕೆದಕುವ ಕೆಲಸ ಬೇರೆಯವರಿಗಿರಲಿ.

ಅಸ್ತಮಾ ಇರುವವರ ಕಫದಲ್ಲಿ ಕಂದು ಬಣ್ಣದ ಗಟ್ಟಿ ತುಂಡು ಬಂದು, ಎಕ್ಸ್‌ರೇಯಲ್ಲಿ ನೆರಳು ಕಂಡರೆ ಕೆಲವೊಮ್ಮೆ ಟಿ.ಬಿ. ಎಂದೇ ಮಾತ್ರೆ ಶುರುವಾಗುತ್ತದೆ. ಕಫದಲ್ಲಿ ಟಿ.ಬಿ. ರೋಗಾಣು ಸಿಗದಿದ್ದರೆ ಒಟ್ಟು ಐಜಿಇ (ಅಲರ್ಜಿಯಲ್ಲಿ ಏರುವ ರಕ್ತದ ಪ್ರತಿಕಾಯ) ಮತ್ತು ಆಸ್ಪರ್ಜಿಲಸ್ ಐಜಿಇ ರಕ್ತಪರೀಕ್ಷೆ ಕೇಳಿ ಮಾಡಿಸಬೇಕು. ಎರಡನೆಯದು ಪಾಸಿಟಿವ್ ಆಗಿ, ಒಟ್ಟು ಐಜಿಇ 500 ಐಯು/ಮಿ.ಲೀ. ದಾಟಿದ್ದರೆ ಎಬಿಪಿಎ, ಅಂದರೆ ಆಸ್ಪರ್ಜಿಲಸ್‌ ಅಲರ್ಜಿಯಿಂದ ಬರುವ ಶ್ವಾಸಕೋಶದ ಕಾಯಿಲೆಯ ಶಂಕೆ ಬಲವಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಅಥವಾ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಮದ್ದು ಬೇಕು, ಅದೂ ಶ್ವಾಸಕೋಶ ತಜ್ಞರ ಉಸ್ತುವಾರಿಯಲ್ಲೇ.

ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಗೆ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ನುಂಗಿ ಹೋದರೆ ಅಲರ್ಜಿ ಇದ್ದರೂ ಇಲ್ಲವೆಂದು ಬರುತ್ತದೆ. ವೈದ್ಯರಿಗೆ ತಿಳಿಸಿ ವಾರ ಮುಂಚೆ ಅದನ್ನು ನಿಲ್ಲಿಸಬೇಕು. ಇನ್‌ಹೇಲರ್ ಮಾತ್ರ ನಿಲ್ಲಿಸುವಂತಿಲ್ಲ.

– ಓದುಗ ವೈದ್ಯ, ತೀರ್ಥಹಳ್ಳಿ