ಸ್ಟೀರಿಂಗ್ ಬಿಚ್ಚಬೇಡ ಅಣ್ಣಾ

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಅತ್ತಿಗೆಗೂ ಮಕ್ಕಳಿಗೂ ಕೇಳಿದೆ ಅಂತ ಹೇಳು.

ಮೊನ್ನೆ ಫೋನಿನಲ್ಲಿ ಪೂರ್ತಿ ಮಾತಾಡೋಕೆ ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೊಸ ಚಕ್ರ ಹಾಕಿದ ಮೇಲೆ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತಿದೆ, ಬಿಚ್ಚಿ, ಅದು ಕೂರುವ ದಂಡದ ಮೇಲೆ ಒಂದು ಹಲ್ಲು ಆಚೆಗೆ ಕೂರಿಸುತ್ತೇನೆ ಅಂದೆಯಲ್ಲ, ದಯವಿಟ್ಟು ಹಾಗೆ ಮಾಡಬೇಡ. ಅದರೊಳಗೆ ಏರ್‌ಬ್ಯಾಗ್ ಇದೆ. ಹಿಂದೆ ಸುರುಳಿ ಸುತ್ತಿದ ತೆಳ್ಳನೆಯ ವೈರಿನ ಪಟ್ಟಿ ಇದೆ, ಅಳತೆ ಮೀರಿ ತಿರುಗಿದರೆ ಕಿತ್ತುಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ತಪ್ಪು ಕೆಳಗೆ ಹಾಗೇ ಉಳಿಯುತ್ತದೆ.

ನನಗೂ ಇದೇ ಆಗಿತ್ತು. ಹಿಮಕ್ಕೆಂದು ಬೇರೆ ಚಕ್ರ ಹಾಕಿದ ದಿನವೇ, ಕಾರು ನೇರ ಹೋಗುತ್ತಿದ್ದರೂ ಸ್ಟೀರಿಂಗ್ ಎಡಕ್ಕೆ ವಾಲಿತ್ತು. ಗಡಿಯಾರದ 12ಕ್ಕೆ ಇರಬೇಕಾದ ಗುರುತು 11ಕ್ಕೆ ಬಂದಿತ್ತು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಗಾಳಿ ನೋಡಿದೆ. ಮುಂದಿನ ಬಲಗಡೆ ಟೈರಿನಲ್ಲಿ 33 ಪಿಎಸ್‌ಐ ಇರಬೇಕಾದ ಕಡೆ 26 ಇತ್ತು. ತುಂಬಿಸಿದ ಮೇಲೆ ಸ್ವಲ್ಪ ಎಳೆಯುತ್ತಿದ್ದದ್ದು ನಿಂತಿತು, ಸೊಟ್ಟ ಹೋಗಲಿಲ್ಲ. ಆಮೇಲೆ ಮುಂದಿನ ಎರಡು ಚಕ್ರ ಅದಲು ಬದಲು ಮಾಡಿದೆ. (ಟೈರಿನ ಮೇಲೆ ಬಾಣದ ಗುರುತಿದ್ದರೆ ನೀನು ಹೀಗೆ ಮಾಡಬೇಡ.) ಟೈರಿನದೇ ತಪ್ಪಾಗಿದ್ದರೆ ಏನಾದರೂ ವ್ಯತ್ಯಾಸ ಕಾಣಬೇಕಿತ್ತು. ಕಾಣಲಿಲ್ಲ.

ಸುಮ್ನೆ ಚಕ್ರ ಬಿಚ್ಚಿ ಹಾಕಿದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ಕೆಡುವುದಿಲ್ಲ ಅಲ್ವಾ? ಮತ್ತೆ ಇದೆಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಬಿಚ್ಚಿಟ್ಟಿದ್ದ ಹಳೆ ಟೈರಿನ ಮೇಲೆ ಅಂಗೈ ಆಡಿಸಿದೆ. ಒಂದು ದಿಕ್ಕಿಗೆ ನುಣ್ಣಗಿತ್ತು, ತಿರುಗಿ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಮುಂದಿನ ಚಕ್ರಗಳ ಟೋ (ಮೇಲಿಂದ ನೋಡಿದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎನ್ನುವ ಅಳತೆ) ತಪ್ಪಿದ್ದರೆ ಟೈರು ಹೀಗೇ ಸವೆಯುತ್ತದೆ. ತಪ್ಪು ಮೊದಲಿಂದಲೇ ಇತ್ತು ಅಣ್ಣಾ. ಹಳೆ ಟೈರುಗಳು ಅದಕ್ಕೆ ಹೊಂದಿಕೊಂಡು ಸವೆದು ಮುಚ್ಚಿಟ್ಟಿದ್ದವು, ಹೊಸವು ತೋರಿಸಿಕೊಟ್ಟವು.

ಅಲೈನ್‌ಮೆಂಟ್ ಮಾಡುವವರ ಹತ್ತಿರ ಹೋದೆ. ಮೊದಲು ಹಿಂದಿನ ಚಕ್ರ ನೋಡಿದರು, ಅವು ಓರೆಯಾಗಿದ್ದರೂ ಸ್ಟೀರಿಂಗ್ ಸೊಟ್ಟ ಆಗುತ್ತದಂತೆ. ಆಮೇಲೆ ಸ್ಟೀರಿಂಗ್ ನೇರ ಮಾಡಿ, ಅಲ್ಲಾಡದ ಹಾಗೆ ಕಟ್ಟಿ ನಿಲ್ಲಿಸಿದರು. ಇದನ್ನು ಬಿಟ್ಟರೆ ಟೋ ಸರಿಬಂದರೂ ಸ್ಟೀರಿಂಗ್ ಸೊಟ್ಟಗೇ ಉಳಿಯುತ್ತದೆ, ನೀನು ಹೋದಾಗ ಇದೊಂದನ್ನು ಕಣ್ಣಾರೆ ನೋಡು. ಕೊನೆಗೆ ಕೆಳಗಿಳಿದು ಎರಡೂ ಕಡೆ ಟೈ ರಾಡಿನ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಲಾಕ್ ನಟ್ ಸಡಿಲಿಸಿ, ರಾಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಅಳತೆ ಯಂತ್ರದ ಪರದೆಯ ಮೇಲಿನ ಅಂಕಿಗೆ ಕೂರಿಸಿದರು. ಟೋ ಸರಿಯಿದ್ದು ಸ್ಟೀರಿಂಗ್ ಮಾತ್ರ ಸೊಟ್ಟ ಇದ್ದರೆ, ಒಂದು ಕಡೆ ಎಷ್ಟು ಉದ್ದ ಮಾಡುತ್ತಾರೋ ಇನ್ನೊಂದು ಕಡೆ ಅಷ್ಟೇ ಗಿಡ್ಡ ಮಾಡಬೇಕು. ಒಂದೇ ಕಡೆ ತಿರುಗಿಸಿದರೆ ಸ್ಟೀರಿಂಗ್ ನೇರ ಆಗಬಹುದು, ಟೋ ಕೆಟ್ಟು ಹೊಸ ಟೈರನ್ನೂ ತಿಂದುಹಾಕುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿದ್ದರೆ, ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸೆನ್ಸರನ್ನೂ ಸೊನ್ನೆಗೆ ತರಿಸು.

ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿದೆಯಾ? ಹೊಸದಾಗಿ ಹಾಕಿ ನೂರು ಕಿಲೋಮೀಟರ್ ಆಗುವಷ್ಟರಲ್ಲಿ ನೋಡಲೇಬೇಕು.

ಹಳೆ ಟೈರು ಇನ್ನೂ ಎಸೆದಿಲ್ಲ ತಾನೇ? ಇವತ್ತೇ ಕೈ ಆಡಿಸಿ ನೋಡಿ, ಅಂಚಿನ ಫೋಟೋ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ತಮ್ಮ