ನನ್ನ ಬೆನ್ನನ್ನು ಗಮನಿಸಿದವರಿಗೆ

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ನಂತರದ ಮೊದಲ ವರ್ಷದ ತಪಾಸಣೆಗಳೆಲ್ಲ ಮುಗಿದಿವೆ. ರೋಗ ಮರುಕಳಿಸಿದ ಲಕ್ಷಣ ಯಾವುದೂ ಇಲ್ಲವೆಂದು ವೈದ್ಯರು ತಿಳಿಸಿದ್ದಾರೆ. ಕಾಲೇಜಿನ ಓಟದ ತಂಡದಲ್ಲಿ ನಾನು ಇಂದೂ ಇದ್ದೇನೆಂದರೆ ಅದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯಬೇಕೆಂದು ಈ ಬರಹ.

ಮೊದಲ ವಂದನೆ ನಮ್ಮ ತಂಡದ ಫಿಸಿಯೋಥೆರಪಿಸ್ಟ್ ಮೇಡಂ ಅವರಿಗೆ. ಭುಜದ ನೋವಿಗೆ ಟೇಪ್ ಅಂಟಿಸುತ್ತಿದ್ದಾಗ, ಓಟದ ಬನಿಯನ್ನಿನ ಪಟ್ಟಿಯ ಪಕ್ಕದಲ್ಲಿ, ನನ್ನ ಕಣ್ಣಿಗೆ ಬೀಳುವಂತಿಲ್ಲದ ಜಾಗದಲ್ಲಿದ್ದ ಮಚ್ಚೆಯೊಂದು ಅವರ ಗಮನಕ್ಕೆ ಬಂತು. ಅದರ ಒಂದು ಅಂಚು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು, ಕಂದು ಬಣ್ಣದ ನಡುವೆ ಕಪ್ಪು ಕಾಣಿಸಿಕೊಂಡಿತ್ತು, ಅಗಲ 6 ಮಿಲಿಮೀಟರ್ ದಾಟಿತ್ತು. ಅವರು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆದರು. ನನ್ನನ್ನು ಗಾಬರಿಪಡಿಸದೆ, ಆದರೆ ಮುಂದೂಡಲೂ ಬಿಡದೆ, ಚರ್ಮರೋಗ ತಜ್ಞರ ಬಳಿಗೆ ಕಳುಹಿಸಿದರು.

ಆ ತಜ್ಞರಿಗೂ ನಾನು ಋಣಿ. ಮೆಲನೋಮಾದಲ್ಲಿ ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಬಹುಮಟ್ಟಿಗೆ ಮುಂದಿನದನ್ನು ನಿರ್ಧರಿಸುತ್ತದೆ ಎಂದು ಅವರು ಚಿತ್ರ ಬರೆದು ವಿವರಿಸಿದರು. ನನ್ನದು 1 ಮಿಲಿಮೀಟರ್‌ಗಿಂತ ತೆಳುವಾಗಿತ್ತು. ಸುತ್ತಲಿನ 1 ಸೆಂಟಿಮೀಟರ್ ಆರೋಗ್ಯವಂತ ಚರ್ಮದೊಂದಿಗೆ ಅದನ್ನು ತೆಗೆದುಹಾಕಿದ್ದೇ ಸಾಕಾಯಿತು, ಬೇರೆ ಚಿಕಿತ್ಸೆ ಬೇಕಾಗಲಿಲ್ಲ.

ನಮ್ಮ ಕೋಚ್ ಸರ್ ಮಾಡಿದ್ದು ಇಡೀ ತಂಡಕ್ಕೆ ಒಳಿತಾಯಿತು. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಅಭ್ಯಾಸವನ್ನು ಸಾಧ್ಯವಾದಷ್ಟೂ ಬೇರೆ ವೇಳೆಗೆ ಬದಲಿಸಿದರು. ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ಬಿಸಿಲಿನ ಅತಿನೇರಳೆ ಕಿರಣಕ್ಕೂ ಸೆಖೆಗೂ ಸಂಬಂಧವಿಲ್ಲ. ತಂಪು ಗಾಳಿ ಬೀಸುವ, ತೆಳುಮೋಡ ಕವಿದ ದಿನವೂ ಅದು ಮೈಗೆ ತಾಗುತ್ತದೆ. ಆದ್ದರಿಂದ ಅವರು ಪ್ರತಿದಿನ ಆ ಕಿರಣದ ತೀವ್ರತೆಯನ್ನು ಅಂಕಿಯಲ್ಲಿ ತಿಳಿಸುವ ಅತಿನೇರಳೆ ಸೂಚ್ಯಂಕ ನೋಡುತ್ತಾರೆ, 3 ಮುಟ್ಟಿದರೆ ತೋಳು ಮುಚ್ಚುವ ಅಂಗಿಯನ್ನೂ ಟೋಪಿಯನ್ನೂ ಕಡ್ಡಾಯಗೊಳಿಸುತ್ತಾರೆ. ಬೆವರು ಸನ್‌ಸ್ಕ್ರೀನನ್ನು ತೊಳೆದುಬಿಡುವುದರಿಂದ ಮತ್ತೆ ಹಚ್ಚಿಕೊಳ್ಳಲೆಂದೇ ಎರಡು ಗಂಟೆಗೊಮ್ಮೆ ವಿರಾಮ ಕೊಡುತ್ತಾರೆ. ವೇಳಾಪಟ್ಟಿಯಲ್ಲಿ ಜಾಗವಿಲ್ಲದ ಎಚ್ಚರಿಕೆ ಎಷ್ಟು ಸಲ ಹೇಳಿದರೂ ನಡೆಯುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ತಂಡದ ನಾಯಕಿಯ ಧೈರ್ಯವನ್ನು ವಿಶೇಷವಾಗಿ ಹೇಳಲೇಬೇಕು. ಸಮವಸ್ತ್ರದ ಗೆರೆ ಮಾಸಿ ಮೈಬಣ್ಣ ಒಂದೇ ಸಮನಾಗಲೆಂದು ಈಜುಕೊಳದ ಬದಿಯಲ್ಲಿ ಬಿಸಿಲಿಗೆ ಮಲಗುವುದು, ಸ್ಪರ್ಧೆಗೆ ಮುನ್ನ ಅತಿನೇರಳೆ ಕಿರಣ ಬೀರಿ ಮೈಯನ್ನು ಕಂದಾಗಿಸುವ ಟ್ಯಾನಿಂಗ್ ಯಂತ್ರಕ್ಕೆ ಹೋಗುವುದು ಕ್ರೀಡಾಪಟುಗಳಲ್ಲಿ ರೂಢಿಯಾಗಿಬಿಟ್ಟಿದೆ. ಆ ಕಂದು ಬಣ್ಣ ಚರ್ಮದ ಜೀವಕೋಶಗಳ ಡಿಎನ್ಎಗೆ ಆದ ಹಾನಿಯ ಗುರುತು ಎಂಬುದನ್ನೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಈ ಯಂತ್ರಗಳನ್ನು ತಂಬಾಕು ಇರುವ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ವರ್ಗಕ್ಕೇ ಸೇರಿಸಿತೆಂಬುದನ್ನೂ ಅವಳು ಸಭೆಯಲ್ಲಿ ನೇರವಾಗಿ ಹೇಳಿದಳು. ಕಪ್ಪು ಮೈಬಣ್ಣದ ಗೆಳತಿಯರಿಗೆ ಇದು ಸಂಬಂಧಿಸಿದ್ದಲ್ಲವೆಂಬ ಮಾತು ಬಂದಾಗ, ಅಂಥವರಲ್ಲಿ ಮೆಲನೋಮಾ ಅಪರೂಪವಾದರೂ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ, ಬಿಸಿಲು ಕಾಣದ ಕಡೆಯೂ ಬರಬಹುದು, ತಡವಾಗಿ ಪತ್ತೆಯಾಗುತ್ತದೆ ಎಂದು ತಿಳಿಸಿದವಳೂ ಅವಳೇ. ಈಗ ನಾವು ಪರಸ್ಪರರ ಬೆನ್ನನ್ನೂ ಅಂಗಾಲನ್ನೂ ನೋಡಿ ಹೇಳುತ್ತೇವೆ.

ನನ್ನ ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ವರದಿ ಬರೆದ ರೋಗಶಾಸ್ತ್ರ ತಜ್ಞರನ್ನು ನಾನು ಭೇಟಿಯಾಗಿಲ್ಲ. ಈ ಬರಹ ಅವರ ಕಣ್ಣಿಗೆ ಬಿದ್ದರೆ, ನನ್ನ ಮತ್ತು ನನ್ನ ತಂದೆತಾಯಿಯ ನಮಸ್ಕಾರಗಳನ್ನು ದಯವಿಟ್ಟು ಸ್ವೀಕರಿಸಬೇಕು.